ಬಸುರಿಯ ಗಂಡ ಪಲೆಂಕೆಯ ಗುಡಿ ಹತ್ತಿದ್ದು

ಮಸ್ಕಿ, ಹೊರಡುವ ಮುಂಚೆ

ಮೆಕ್ಸಿಕೋದಿಂದ ಬಂದ ಮೇಲೆ ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಬಸ್ಸಿನಲ್ಲಿ ಕಂಡವರೆಲ್ಲ ನನ್ನನ್ನು ಮೊದಲು ಕೇಳಿದ್ದು ಒಂದೇ ಪ್ರಶ್ನೆ. “ಅಲ್ಲಿ ರೊಟ್ಟಿ ಸಿಗತಾವೇನ್ರೀ?” ಸಿಗುತ್ತವೆ. ಮೆಕ್ಕೆಜೋಳದ ರೊಟ್ಟಿ, ಅಂಗೈಯಗಲ, ಬಿಸಿಯಿದ್ದಾಗ ಮೆತ್ತಗೆ. ಹೆಂಗಸರು ನಮ್ಮವರ ಹಾಗೆಯೇ ಕೈಯಲ್ಲಿ ತಟ್ಟುತ್ತಾರೆ. ಆ ಸಪ್ಪಳ ಕಿವಿಗೆ ಬಿದ್ದರೆ ಹೊಟ್ಟೆ ತಾನೇ ಎದ್ದು ಕೂರುತ್ತದೆ. ಎರಡನೆಯ ಪ್ರಶ್ನೆ, “ಅಲ್ಲಿ ಏನೇನು ನೋಡಿದ್ರಿ?” ಎಂಬುದು. ಅದಕ್ಕೆ ನಾನು ಸುಮ್ಮನೆ ನಕ್ಕು ಕಿಟಕಿಯ ಹೊರಗೆ ನೋಡುತ್ತಿದ್ದೆ. ನೋಡಿದ್ದನ್ನು ಬಸ್ಸಿನಲ್ಲಿ ಹೇಳಿ ಮುಗಿಸುವಂತಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ನಾನಾಗ ಗೊರೇಬಾಳದ ಹತ್ತಿರ ಬೀಜ ಬೆಳೆಸುವ ಒಂದು ಕೇಂದ್ರದಲ್ಲಿ ಸಹಾಯಕನಾಗಿದ್ದೆ. ಮೆಕ್ಕೆಜೋಳದ ತಳಿಗಳ ಬಗ್ಗೆ ಕಲಿತು ಬರಲು ನಮ್ಮಲ್ಲಿಂದ ಇಬ್ಬರನ್ನು ಎರಡೂವರೆ ತಿಂಗಳು ಮೆಕ್ಸಿಕೋಗೆ ಕಳಿಸುವುದೆಂದು ತೀರ್ಮಾನವಾಯಿತು. ಒಬ್ಬ ನಾನು, ಮಸ್ಕಿಯ ಅಮರೇಶ. ಇನ್ನೊಬ್ಬ, ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನ ನಿರ್ಮಲ್ ಮಂಡಲ್. ಎರಡು ವರ್ಷದ ಕೂಸಾಗಿದ್ದಾಗ ತಾಯಿಯ ಸೊಂಟದ ಮೇಲೆ ಕೂತು ಈ ಸೀಮೆಗೆ ಬಂದ ಬಂಗಾಲಿ. ಮನೆಯಲ್ಲಿ ಬಂಗಾಲಿ, ಹೊಲದಲ್ಲಿ ತೆಲುಗು, ಜಗಳಕ್ಕೆ ಕನ್ನಡ. ಅವನ ಜಗಳದ ಕನ್ನಡ ನನ್ನದಕ್ಕಿಂತ ಚೆನ್ನಾಗಿತ್ತು.

ನನಗೆ ಹೋಗುವ ಮನಸ್ಸು ಪೂರ್ತಿ ಇರಲಿಲ್ಲ. ನನ್ನ ಹೆಂಡತಿ ಶಾಂತಾಗೆ ಆರು ತಿಂಗಳು ತುಂಬಿತ್ತು. ಅದಕ್ಕೂ ಮುಂಚೆ ಎರಡು ಸಲ ಐದನೆಯ ತಿಂಗಳಿನಲ್ಲೇ ಕೂಸು ಕೈಬಿಟ್ಟು ಹೋಗಿತ್ತು. ಈ ಸಲ ಆರು ದಾಟಿದ್ದರಿಂದ ಮನೆಯಲ್ಲಿ ಎಲ್ಲರೂ ಮೆಲ್ಲಗೆ ನಡೆಯುತ್ತಿದ್ದೆವು, ಮೆಲ್ಲಗೆ ಮಾತಾಡುತ್ತಿದ್ದೆವು. ಶಾಂತಾಗೆ ತವರಿನಲ್ಲಿ ತಾಯಿ ಇರಲಿಲ್ಲ. ಹೆರಿಗೆ, ಬಾಣಂತನ ಎಲ್ಲವನ್ನೂ ನಮ್ಮವ್ವನೇ ವಹಿಸಿಕೊಂಡಿದ್ದಳು. “ನೀವು ಇಲ್ಲಿ ಕುಂತು ಏನ್ ಮಾಡಾವ್ರದೀರಿ, ಹೋಗಿ ಬರ್ರಿ” ಎಂದು ಶಾಂತಾಳೇ ನನ್ನನ್ನು ಹೊರಡಿಸಿದಳು.

ಅವ್ವ ಮಾತ್ರ ಚೀಲ ಕಟ್ಟುತ್ತ ಕಟ್ಟಳೆಗಳನ್ನು ಹೇಳತೊಡಗಿದಳು. ಬಸುರಿಯ ಗಂಡನಿಗೆ ನಮ್ಮ ಕಡೆ ಬಸುರಿಗಿಂತ ಹೆಚ್ಚು ಪಥ್ಯ.

“ಕಾಯಿ ನೀ ಒಡಿಬ್ಯಾಡ, ಬ್ಯಾರೆಯವ್ರ ಕಡೆ ಒಡಸು. ಹೆಣದ ಮುಂದ ಹಾಯಬ್ಯಾಡ. ಯಾರರ ಸತ್ರ ಮಣ್ಣಿಗೆ ಹೋಗಬ್ಯಾಡ, ಗೋರಿ ಕಡೆ ಕಾಲಿಡಬ್ಯಾಡ.”

“ಅವ್ವಾ, ನಂಗಲ್ಲಿ ಯಾರು ಗುರ್ತು ಅದಾರ, ಮಣ್ಣಿಗೆ ಹೋಗಾಕ?”

“ಗುರ್ತು ಇಲ್ಲದವ್ರೂ ಸಾಯ್ತಾರ” ಎಂದಳು ಅವ್ವ. ಆಮೇಲೆ ಚೀಲದ ಬಾಯಿ ಬಿಗಿದು, “ಅಲ್ಲಿ ಯಾವ್ದರ ದೊಡ್ಡ ಗುಡಿ ಇದ್ರ ಹೋಗಿ ಶಾಂತಾನ ಹೆಸರ್ಲೆ ಕೈಮುಗದು ಬಾ. ದೇವ್ರು ಯಾವ ದೇಶದಾಂವ ಆದ್ರೇನು” ಎಂದಳು.

ನಾನು ವಿಜ್ಞಾನ ಓದಿದವನು. ಇಂಥದ್ದನ್ನೆಲ್ಲ ನಂಬುವುದಿಲ್ಲವೆಂದು ಕಚೇರಿಯಲ್ಲಿ ಭಾಷಣ ಮಾಡುವವನು. ಹೂಂ ಎಂದೆ.

ತರಬೇತಿಯ ಊರು

ಆ ದೇಶದ ಜನ ಒಳ್ಳೆಯವರು, ಆದರೆ ಗಡಿಯಾರದ ವಿಷಯದಲ್ಲಿ ನಮ್ಮ ಅಣ್ಣತಮ್ಮಂದಿರು. ಏನು ಕೇಳಿದರೂ “ಅಹೊರಿತಾ” ಎನ್ನುತ್ತಾರೆ. ಈಗಲೇ, ಈ ಕ್ಷಣವೇ ಎಂದು ಅದರ ಅರ್ಥ. ಬೆಳಿಗ್ಗೆ ಕೆಟ್ಟ ನಲ್ಲಿಗೆ ಅಹೊರಿತಾ ಎಂದವನು ಮೂರನೆಯ ದಿನ ಬಂದ. ಮಸ್ಕಿಯ ಬಸ್ ನಿಲ್ದಾಣದಲ್ಲಿ “ಬಂತ್ರೀ, ಬಂದ ಬಿಡ್ತು” ಎಂಬ ಮಾತನ್ನು ಕೇಳಿ ಬೆಳೆದ ನನಗೆ ಇದರಿಂದ ಏನೂ ಕಷ್ಟವಾಗಲಿಲ್ಲ. ಜೊತೆಯಲ್ಲಿದ್ದ ಬೇರೆ ದೇಶದವರು ಮಾತ್ರ ತಲೆ ಚಚ್ಚಿಕೊಳ್ಳುತ್ತಿದ್ದರು.

ಅವರು ಮಾವಿನಹಣ್ಣಿಗೂ ಖಾರಪುಡಿ ಉದುರಿಸುತ್ತಾರೆ. ಖಾರಕ್ಕೆ ನಾವು ಹೆದರುವ ಸೀಮೆಯವರಲ್ಲ ಎಂದು ನಾನು ಮೊದಲ ದಿನವೇ ಮೀಸೆ ತಿರುವಿ ಒಂದು ಪುಟ್ಟ ಹಳದಿ ಮೆಣಸಿನಕಾಯಿಯನ್ನು ಕಚ್ಚಿದೆ. ಆಮೇಲೆ ಅರ್ಧ ಗಂಟೆ ನನ್ನ ಬಾಯಿಂದ ಯಾವ ಭಾಷೆಯೂ ಹೊರಡಲಿಲ್ಲ. ಅಡುಗೆಯ ರೋಸಾ ಎಂಬ ಹೆಂಗಸು ನನ್ನ ಬೆನ್ನು ಸವರಿ ಉಪ್ಪು ನೆಕ್ಕಿಸಿದಳು. ನಿರ್ಮಲ್ ಈ ಕಥೆಯನ್ನು ಊರಿಗೆ ಬಂದ ಮೇಲೆ ಎಷ್ಟು ಕಡೆ ಹೇಳಿದ್ದಾನೋ ಅವನಿಗೇ ಲೆಕ್ಕವಿಲ್ಲ.

ಮೂರನೆಯ ವಾರ ನಾಲ್ಕು ದಿನ ರಜೆ ಸಿಕ್ಕಿತು. ದಕ್ಷಿಣದ ಕಾಡಿನಲ್ಲಿ ಪಲೆಂಕೆ ಎಂಬಲ್ಲಿ ಮಾಯಾ ಜನರು ಕಟ್ಟಿದ ಪಿರಮಿಡ್ಡುಗಳಿವೆ, ನೋಡಿ ಬನ್ನಿ ಎಂದರು ಎಲ್ಲರೂ. ಪಿರಮಿಡ್ ಎಂದ ಕೂಡಲೇ ನನಗೆ ಶಾಲೆಯ ಪುಸ್ತಕದ ಈಜಿಪ್ಟ್ ನೆನಪಾಯಿತು. ಅದರ ಬೆನ್ನಿಗೇ ಅವ್ವ ನೆನಪಾದಳು. ರೋಸಾಳನ್ನು ಕೇಳಿದೆ, ಅದು ಗೋರಿಯೋ ಗುಡಿಯೋ ಎಂದು. ಅವಳು ಕೈ ಅಲ್ಲಾಡಿಸಿಬಿಟ್ಟಳು. ಗೋರಿ ಈಜಿಪ್ಟಿನವರದು, ನಮ್ಮ ಪಿರಮಿಡ್ಡುಗಳ ನೆತ್ತಿಯ ಮೇಲೆ ದೇವರ ಮನೆ ಇರುತ್ತದೆ, ಒಳಗೆ ಬರೀ ಕಲ್ಲುಮಣ್ಣು ಎಂದಳು. ಅವಳ ಮಾತು ತೀರ ತಪ್ಪೂ ಅಲ್ಲ. ದೊಡ್ಡ ದೊಡ್ಡ ವಿದ್ವಾಂಸರೂ ಬಹಳ ಕಾಲ ಹಾಗೆಯೇ ತಿಳಿದಿದ್ದರಂತೆ.

ನಾನು ಖುಷಿಯಾಗಿ ಮಡಿ ಅಂಗಿ ಒಂದನ್ನು ಚೀಲಕ್ಕೆ ಹಾಕಿಕೊಂಡೆ.

ಪಲೆಂಕೆ, ಮೆಟ್ಟಿಲು

ಒಂದು ಹಗಲು, ಒಂದು ರಾತ್ರಿ ಬಸ್ಸಿನಲ್ಲಿ ಕೂತು ಅಲ್ಲಿಗೆ ಮುಟ್ಟಿದಾಗ ಸೊಂಟ ಎಲ್ಲಿದೆಯೆಂದು ತಡಕಿ ನೋಡಬೇಕಾಗಿತ್ತು. ನನ್ನ ಪಕ್ಕದವನ ತೊಡೆಯ ಮೇಲೆ ಕಾಲು ಕಟ್ಟಿದ ಒಂದು ಟರ್ಕಿ ಕೋಳಿ ಇತ್ತು. ಅದು ದಾರಿಯುದ್ದಕ್ಕೂ ನನ್ನ ಅಂಗಿಯ ಗುಂಡಿಯನ್ನೇ ನೋಡುತ್ತಿತ್ತು. ಕೊನೆಗೆ ಒಂದನ್ನು ಕಿತ್ತುಕೊಂಡಿತು.

ಕಾಡಿನಿಂದ ಹೊರಬಂದ ಕೂಡಲೇ ಗುಡಿ ಕಾಣಿಸಿತು. ಹಿಂದೆ ಹಸಿರು ಗುಡ್ಡ, ಅದಕ್ಕೆ ಬೆನ್ನು ಕೊಟ್ಟು ಒಂದರ ಮೇಲೊಂದು ಒಂಬತ್ತು ಕಟ್ಟೆ, ನೆತ್ತಿಯಲ್ಲಿ ಐದು ಬಾಗಿಲಿನ ಗುಡಿ. ಮುಂದೆ ನೆಟ್ಟಗೆ ಮೇಲೇರುವ ಮೆಟ್ಟಿಲುಗಳು. ಮಸ್ಕಿಯ ಮಲ್ಲಯ್ಯನ ಗುಡ್ಡವನ್ನು ಚಿಕ್ಕಂದಿನಿಂದ ಹತ್ತಿದ ನನಗೂ ಅವನ್ನು ನೋಡಿ ಮೊಣಕಾಲು ಒಮ್ಮೆ ಯೋಚನೆ ಮಾಡಿತು.

ಗೇಟಿನಲ್ಲಿ ಮತೇವೋ ಎಂಬ ನಡುವಯಸ್ಸಿನ ಗೈಡ್ ಸಿಕ್ಕ. ಅಲ್ಲಿಯ ಮಾಯಾ ಜನರವನೇ. ಅವನ ಇಂಗ್ಲಿಷು ನನ್ನದರಷ್ಟೇ ಮುರುಕಾಗಿದ್ದರಿಂದ ನಮ್ಮ ಮಾತು ಸಲೀಸಾಗಿ ಸಾಗಿತು. ಹೆಸರು ಕೇಳುವ ಮೊದಲು ಅವನು ಕೇಳಿದ್ದು, “ನಿಮ್ಮ ಕಡೆ ಈ ಸಲ ಮೆಕ್ಕೆಜೋಳ ಹೇಗಿದೆ?” ಎಂದು. ಅವನು ಎಲ್ಲರನ್ನೂ ಹಾಗೇ ಕೇಳುತ್ತಾನೆ. ಜರ್ಮನಿಯ ಒಬ್ಬ ವಕೀಲನಿಗೂ ಅದೇ ಪ್ರಶ್ನೆ ಹಾಕಿದ. ಅವನು ಪಾಪ, ಕಣ್ಣು ಕಣ್ಣು ಬಿಟ್ಟ.

ನಾನು ಕೆಳಗಿನ ಮೆಟ್ಟಿಲಿನಲ್ಲಿ ಚಪ್ಪಲಿ ಬಿಟ್ಟೆ. ಮತೇವೋ ಬೇಡವೆಂದ. ಗುಡಿ ಎಂದ ಮೇಲೆ ಬಿಡಲೇಬೇಕೆಂದೆ. ನಿರ್ಮಲ್ ಬೂಟು ಬಿಚ್ಚಲಿಲ್ಲ.

“ಲೇ ಅಮರೇಶ, ಕಲ್ಲು ಹಂಚಿನಂಗ ಕಾದಾವ. ಮ್ಯಾಲ ಮುಟ್ಟೂದ್ರಾಗ ನಿನ್ನ ಅಂಗಾಲು ರೊಟ್ಟಿ ಆಗ್ತಾವ.”

“ಹೆಂಡ್ತಿ ಸಲುವಾಗಿ ಹತ್ತಾಕತ್ತೀನಿ, ಸುಮ್ಕಿರು.”

ಆಗ ಅವನ ಮುಖ ಮೆತ್ತಗಾಯಿತು. ತನ್ನ ಬಾಟಲಿಯ ನೀರನ್ನು ನನ್ನ ಮುಂದಿನ ಮೆಟ್ಟಿಲುಗಳ ಮೇಲೆ ಚಿಮುಕಿಸುತ್ತ ಹತ್ತಿದ. ಅರ್ಧ ದಾರಿಗೆ ನೀರು ತೀರಿತು. ಉಳಿದರ್ಧವನ್ನು ನಾನು ಹತ್ತಲಿಲ್ಲ, ಕುಣಿದೆ.

ಮೇಲಿನ ಗುಡಿ ತಂಪಾಗಿತ್ತು. ಗೋಡೆಯಲ್ಲಿ ದೊಡ್ಡ ಚಪ್ಪಡಿಗಳು, ಅವುಗಳ ತುಂಬ ಚೌಕ ಚೌಕವಾಗಿ ಕೆತ್ತಿದ ಬರಹ. ಮೊಲ, ಕೈ, ಮುಖ, ಹಲ್ಲು ಎಲ್ಲವೂ ಅಕ್ಷರಗಳೇ. ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ ನಾಲ್ಕು ಸಾಲು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಇಲ್ಲಿಯ ಅರಸ ಇಡೀ ಗೋಡೆಯನ್ನೇ ತುಂಬಿಸಿಬಿಟ್ಟಿದ್ದ. ಆದರೆ ದೇವರ ಮೂರ್ತಿ ಎಲ್ಲಿಯೂ ಕಾಣಲಿಲ್ಲ. ಎತ್ತ ಮುಖ ಮಾಡಿ ಕೈಮುಗಿಯಲಿ? ಗಾಬರಿಯಲ್ಲಿ ನಾನು ನೆಲಕ್ಕೇ ಹಣೆ ಹಚ್ಚಿದೆ. ಕಲ್ಲಿಗೆ ಬಾಯಿ ತಾಗುವಷ್ಟು ಬಗ್ಗಿ, “ಶಾಂತಾ, ಮಸ್ಕಿ. ಕೂಸು ನಿಲ್ಲಲಿ” ಎಂದು ಮೂರು ಸಲ ಹೇಳಿದೆ. ಊರಿನ ಹೆಸರನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ, ದೂರದ ದೇವರಿಗೆ ವಿಳಾಸ ಬೇಕಾದೀತು ಎನಿಸಿತು. ಹಣೆ ಎತ್ತಿದಾಗ ಎದೆ ಹಗುರಾಗಿತ್ತು.

ಗುಡಿಯ ಒಳಗೆ, ಕೆಳಕ್ಕೆ

“ಈಗ ಕೆಳಗೆ ಹೋಗೋಣ” ಎಂದ ಮತೇವೋ. ನಾನು ಹಣೆ ಹಚ್ಚಿದ ಜಾಗದ ಪಕ್ಕದಲ್ಲೇ ನೆಲದಲ್ಲಿ ಒಂದು ಬಾಯಿ ತೆರೆದಿತ್ತು, ಒಳಗಿನಿಂದ ಮೆಟ್ಟಿಲು ಇಳಿಯುತ್ತಿತ್ತು. ನೆಲಮಾಳಿಗೆಯಲ್ಲಿ ಗರ್ಭಗುಡಿ ಇರಬೇಕು, ನಮ್ಮಲ್ಲೂ ಕೆಲವು ಕಡೆ ಹಾಗಿರುತ್ತದೆ ಎಂದುಕೊಂಡು ಎಲ್ಲರಿಗಿಂತ ಮುಂದೆ ಇಳಿದೆ. ಒದ್ದೆ ಕಲ್ಲು, ಬರಿಗಾಲು. ಎರಡು ಸಲ ಜಾರಿದೆ. ಒಂದು ಸಲ ಜರ್ಮನಿಯ ವಕೀಲ ನನ್ನ ಅಂಗಿಯ ಕೊರಳಪಟ್ಟಿ ಹಿಡಿದು ಉಳಿಸಿದ.

ತಳದಲ್ಲಿ ಒಂದು ಸಣ್ಣ ಕೋಣೆ, ಕಂಬಿಯ ಬಾಗಿಲು, ಒಳಗೆ ದೀಪ. ಕೋಣೆಯ ತುಂಬ ಒಂದೇ ಒಂದು ಕಲ್ಲಿನ ಹಾಸು, ಅದರ ಮೇಲೆ ಮಲಗಿದ ಮನುಷ್ಯನ ಕೆತ್ತನೆ. ಶೇಷಶಯನದ ಹಾಗಿದೆಯಲ್ಲ ಎಂದು ನಾನು ಕೈಮುಗಿಯುವಷ್ಟರಲ್ಲಿ ನಿರ್ಮಲ್ ನನ್ನ ಮೊಣಕೈ ಹಿಡಿದ.

“ಅಮರೇಶ, ಇದು ಗೋರಿ ಐತಲೇ.”

ಮತೇವೋ ಆಗಲೇ ವಿವರಿಸತೊಡಗಿದ್ದ. ಕೆಳಗಿದ್ದವನು ಪಕಾಲ್ ಎಂಬ ಅರಸ. ಹನ್ನೆರಡನೆಯ ವಯಸ್ಸಿಗೆ ಪಟ್ಟಕ್ಕೆ ಬಂದವನು, ಎಂಬತ್ತರ ಆಚೆಗೂ ಆಳಿದವನು. ಮುಪ್ಪಿನಲ್ಲಿ ತನಗಾಗಿ ತಾನೇ ಇದನ್ನು ಶುರುಮಾಡಿಸಿದ. ಈ ಮುಚ್ಚಳದ ಕಲ್ಲು ಮೆಟ್ಟಿಲಿನಲ್ಲಿ ಹಿಡಿಸುವುದಿಲ್ಲ, ಆದ್ದರಿಂದ ಮೊದಲು ಪೆಟ್ಟಿಗೆ, ಆಮೇಲೆ ಕೋಣೆ, ಅದರ ಮೇಲೆ ಇಡೀ ಪಿರಮಿಡ್. ಮಗ ಅದನ್ನು ಪೂರ್ತಿ ಮಾಡಿದ. ಇಳಿಯುವ ದಾರಿಯನ್ನು ಕಲ್ಲುಮಣ್ಣಿನಿಂದ ತುಂಬಿಬಿಟ್ಟರು. ನಮ್ಮ ಅಪ್ಪಂದಿರ ಕಾಲದಲ್ಲಿ ಒಬ್ಬರು ಮೇಲಿನ ನೆಲಹಾಸನ್ನು ಎತ್ತಿ ನೋಡುವ ತನಕ ಯಾರಿಗೂ ಗೊತ್ತಿರಲಿಲ್ಲ.

“ಹಾಗಾದರೆ ಮೇಲಿನ ಗುಡಿ?” ಎಂದೆ.

ಮೇಲಿನ ಗುಡಿ ಇವನಿಗಾಗಿಯೇ ಎಂದ ಮತೇವೋ. ಸತ್ತರೂ ಅರಸನೇ ಅರಸ. ಮಕ್ಕಳು, ಮೊಮ್ಮಕ್ಕಳು ಮೇಲೆ ನಿಂತು ಇವನನ್ನು ಕೇಳಿ ರಾಜ್ಯ ನಡೆಸಬೇಕು. ಅದಕ್ಕೇ ಮೆಟ್ಟಿಲಿನ ಗುಂಟ ಕಲ್ಲಿನ ಒಂದು ಕೊಳವೆ ಮಾಡಿದ್ದಾರೆ. ಶವಪೆಟ್ಟಿಗೆಯಿಂದ ಹೊರಟು ಮೇಲಿನ ಗುಡಿಯ ನೆಲಕ್ಕೆ ಮುಟ್ಟುತ್ತದೆ. ಮೇಲೆ ಆಡಿದ್ದು ಇವನಿಗೆ ಕೇಳಬೇಕು, ಇವನ ಉಸಿರು ಮೇಲಕ್ಕೆ ಬರಬೇಕು.

“ಸತ್ತ ಮ್ಯಾಲೂ ಕುರ್ಚಿ ಬಿಡಂಗಿಲ್ಲ ಅಂದಂಗಾತು” ಎಂದ ನಿರ್ಮಲ್. ಬೇರೆ ಹೊತ್ತಿನಲ್ಲಾದರೆ ನಾನೇ ಮೊದಲು ನಗುತ್ತಿದ್ದೆ.

ಅವ್ವ ಹೇಳಿದ್ದ ಕಟ್ಟಳೆಗಳಲ್ಲಿ ನಾನು ಮುರಿದದ್ದು ಒಂದಲ್ಲ. ಗೋರಿಗೆ ಕಾಲಿಟ್ಟಿದ್ದೆ. ಬರಿಗಾಲಲ್ಲಿ, ನಡು ಗೋರಿಗೆ ಇಳಿದಿದ್ದೆ. ಅದೂ ಸಾಲದೆಂಬಂತೆ ಹೆಂಡತಿಯ ಹೆಸರನ್ನು ಊರಿನ ವಿಳಾಸದ ಸಮೇತ ಕೊಳವೆಯ ಬಾಯಲ್ಲಿ ಸತ್ತವನ ಕಿವಿಗೆ ಮೂರು ಸಲ ಊದಿ ಬಂದಿದ್ದೆ. ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಿದ ಬಸುರಿಯ ಗಂಡ ನಮ್ಮ ತಾಲೂಕಿನಲ್ಲಿ ಇನ್ನೊಬ್ಬನಿರಲಾರ. ಓದಿದ ವಿಜ್ಞಾನವೆಲ್ಲ ಆ ಮೆಟ್ಟಿಲಿನ ಮೇಲಿನ ತುದಿಯಲ್ಲೇ ನಿಂತುಬಿಟ್ಟಿತ್ತು, ನನ್ನ ಜೊತೆ ಇಳಿದಿರಲಿಲ್ಲ.

ನಿರ್ಮಲ್ ವಿಷಯವನ್ನು ಮತೇವೋನ ಕಿವಿಯಲ್ಲಿ ಹೇಳಿದ. ಅವನು ನಗಲಿಲ್ಲ. ಕಂಬಿಯ ಹತ್ತಿರ ನನ್ನನ್ನು ಕರೆದು ಕೆತ್ತನೆಯನ್ನು ತೋರಿಸಿದ. ನೋಡಿ, ಮೊಣಕಾಲು ಮಡಚಿದ್ದಾನೆ, ಆಗಷ್ಟೇ ಹುಟ್ಟಿದ ಕೂಸು ಹೀಗೆ ಮಲಗುತ್ತದೆ. ಇವನನ್ನು ಮೆಕ್ಕೆಜೋಳದ ದೇವರ ಹಾಗೆ ಕೆತ್ತಿದ್ದಾರೆ. ನಾವು ಇವನನ್ನು ಹೂತಿಲ್ಲ, ಬಿತ್ತಿದ್ದೇವೆ ಎಂದ. ಒಳ್ಳೆಯ ಮಾತು. ಆದರೆ ಎರಡು ಅಂಗುಲಕ್ಕಿಂತ ಆಳಕ್ಕೆ ಹೋದರೆ ಬೀಜ ಮೇಲೇಳುವುದು ಕಷ್ಟವೆಂದು ಸಂತೆಕಲ್ಲೂರಿನಿಂದ ಗೊರೇಬಾಳದವರೆಗೆ ರೈತರಿಗೆ ಹೇಳುತ್ತಾ ಬಂದವನು ನಾನು. ಇವನು ಒಂದು ಬಾವಿಯಷ್ಟು ಆಳದಲ್ಲಿದ್ದ.

ರಾಣಿಯ ಮಡು

ಹೊರಗೆ ಬಂದ ಮೇಲೆ ನನಗಿದ್ದದ್ದು ಒಂದೇ ಯೋಚನೆ. ಮಣ್ಣಿಗೆ ಹೋದವನು ಸ್ನಾನ ಮಾಡದೆ ಹನಿ ನೀರನ್ನೂ ಬಾಯಿಗೆ ಹಾಕಬಾರದು. ಹೋಟೆಲಿನ ನಲ್ಲಿಯಲ್ಲಿ ನೀರು ಅಹೊರಿತಾ ಬರುವುದಿತ್ತು. ಮತೇವೋ ನಮ್ಮನ್ನು ಹಾಳು ಅರಮನೆಯ ಆಚೆ ಕಾಡಿನೊಳಗೆ ಕರೆದೊಯ್ದ. ಅಲ್ಲಿ ಹಳ್ಳದ ನೀರು ಸಣ್ಣ ಜಲಪಾತವಾಗಿ ಮಡುವಿಗೆ ಬೀಳುತ್ತಿತ್ತು. ರಾಣಿಯ ಸ್ನಾನದ ಮಡು ಎಂದು ಅದಕ್ಕೆ ಹೆಸರಂತೆ. ನಾನು ತೊಟ್ಟ ಬಟ್ಟೆಯಲ್ಲೇ ಒಳಗೆ ನಡೆದೆ.

ಮಡುವಿನ ಅಂಚಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದ ಒಂದು ಸಂಸಾರ ನನ್ನನ್ನು ನೋಡಿತು. ನಾನು ಮೂಗು ಹಿಡಿದು ಮುಳುಗಿದೆ, ಎದ್ದೆ, ಮುಳುಗಿದೆ. ಮೂರನೆಯ ಸಲ ಎದ್ದಾಗ ಆ ಮನೆಯ ಅಜ್ಜಿ ಏನೋ ಕೇಳಿದಳು. ಮತೇವೋ ತನ್ನ ಭಾಷೆಯಲ್ಲಿ ಎರಡು ಮಾತು ಹೇಳಿದ. ಅಜ್ಜಿ ತಲೆಯಾಡಿಸಿ, ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟು, ಎರಡು ಬೊಗಸೆ ನೀರನ್ನು ನನ್ನ ನೆತ್ತಿಗೆ ಹಾಕಿದಳು. ಅವರಲ್ಲೂ ಈ ಕಟ್ಟಳೆ ಇದೆಯೋ, ಅಥವಾ ಗಾಬರಿಯಾದವನ ಮುಖ ಎಲ್ಲ ದೇಶದ ಅಜ್ಜಿಯರಿಗೂ ಅರ್ಥವಾಗುತ್ತದೆಯೋ ತಿಳಿಯದು. ಆಮೇಲೆ ನಮ್ಮಿಬ್ಬರಿಗೂ ರೊಟ್ಟಿ, ಅದರೊಳಗೆ ಕರಿ ಅವರೆಯಂಥ ಕಾಳಿನ ಪಲ್ಯ ಇಟ್ಟು ಕೊಟ್ಟಳು. ಹೊಟ್ಟೆ ತುಂಬ ತಿಂದೆವು. ಗುಡಿಯ ಕೆಳಗಿನ ಮೆಟ್ಟಿಲಿಗೆ ಮರಳಿ ಬಂದು ನೋಡಿದರೆ ನನ್ನ ಚಪ್ಪಲಿ ಇರಲಿಲ್ಲ. ದೊಡ್ಡ ಗುಡಿಗಳಲ್ಲಿ ಅದೊಂದು ನಮ್ಮಲ್ಲಿಯ ಹಾಗೆಯೇ.

ಟೆಲಿಫೋನು

ತರಬೇತಿಯ ಊರಿಗೆ ಮರಳಿದ ಮೇಲೂ ಮನಸ್ಸು ನಿಲ್ಲಲಿಲ್ಲ. ಹೇಳಿದರೆ ಅವ್ವ ಹೆದರುತ್ತಾಳೆ, ಹೇಳದಿದ್ದರೆ ನಾನು ಹೆದರಿ ಸಾಯುತ್ತೇನೆ. “ಹೇಳಿಬಿಡಲೇ, ಇಲ್ಲಂದ್ರ ನಿನ್ನ ಗೊಣಗಾಟಕ್ಕ ನಾ ಊರಿಗೆ ಓಡಿಹೋಗ್ತೀನಿ” ಎಂದ ನಿರ್ಮಲ್. ಮನೆಯಲ್ಲಿ ಫೋನಿರಲಿಲ್ಲ. ಮಸ್ಕಿಯ ಬಸ್ ನಿಲ್ದಾಣದ ಎದುರಿನ ಎಸ್‌ಟಿಡಿ ಬೂತಿನ ಖಾಜಾಸಾಬರಿಗೆ ಫೋನು ಮಾಡಿದೆ. “ಅಮ್ಮಾವ್ರಿಗೆ ಖಬರ್ ಕಳಸ್ತೀನ್ರೀ, ನಾಳೆ ಇದ ಟೈಮಿಗೆ ಮಾಡ್ರಿ” ಎಂದರು.

ಮರುದಿನ ನನ್ನ ಸಂಜೆಗೆ ಅವ್ವನ ಬೆಳಗು. ಅವಳು ರಿಸೀವರ್ ಹಿಡಿದು, ನಾನೆಷ್ಟು ದೂರ ಇದ್ದೇನೋ ಅಷ್ಟು ಗಟ್ಟಿಯಾಗಿ ಕೂಗಿದಳು. ಶಾಂತಾ ಆರಾಮಿದ್ದಾಳೆ, ಊಟ ಸೇರುತ್ತದೆ ಎಂದಳು. ನಾನು ಕಣ್ಣು ಮುಚ್ಚಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಗುಡಿ, ಗೋರಿ, ಕೊಳವೆ, ಶಾಂತಾಳ ಹೆಸರು.

ಆ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು. ನಮ್ಮೂರಿನ ಹಾರ್ನ್. ಕಣ್ಣು ತುಂಬಿ ಬಂತು.

“ಆ ರಾಜ ಎಷ್ಟು ವರ್ಷ ಬದುಕಿದ್ನಂತ?” ಅವ್ವ ಕೇಳಿದಳು.

“ಎಂಬತ್ತರ ಮ್ಯಾಲ ಅಂತ, ಅವ್ವಾ.”

“ಮೊಮ್ಮಕ್ಕಳ ಕಂಡಾನೇನು?”

“ಕಂಡಿರಬೇಕು. ಮಗ ಪಟ್ಟಕ್ಕ ಬಂದಾಗ ಅವನಿಗೇ ವಯಸ್ಸಾಗಿತ್ತಂತ.”

“ಮತ್ತ್ಯಾಕ ಹೆದರಾಕತ್ತೀದಿ, ಹುಚ್ಚಪ್ಪ? ಬಾಳಿ ಬದುಕಿ ಹ್ವಾದವ್ರ ಮ್ಯಾಲೆ ತೂರಿದ ರೊಕ್ಕ ಆರಿಸಿ ತಂದು ಕೂಸುಗಳ ತೊಟ್ಟಿಲಿಗೆ ಕಟ್ಟಂಗಿಲ್ಲೇನು ನಾವು? ಆಯುಷ್ಯ ಬರಲಿ ಅಂತ? ಅಂಥಾವನ ಕಿವ್ಯಾಗ ಹೆಸರು ಹೇಳಿ ಬಂದೀದಿ. ಛಲೋ ಆತು. ಉಂಡು ಮಕ್ಕೋ.”

ನಾನು ಫೋನ್ ಇಟ್ಟು ನಿರ್ಮಲ್‌ನನ್ನು ಅಪ್ಪಿಕೊಂಡೆ. ನನಗೆ ಹೊಳೆದೇ ಇರಲಿಲ್ಲವಲ್ಲ! ಮುದುಕರ ಹೆಣದ ಮೆರವಣಿಗೆಯಲ್ಲಿ ಹಾಗೆ ರೊಕ್ಕ ಆರಿಸುವುದನ್ನು ನಾನೇ ಎಷ್ಟು ಸಲ ನೋಡಿಲ್ಲ. ಆ ರಾತ್ರಿ ಊಟಕ್ಕೆ ಹಳದಿ ಮೆಣಸಿನಕಾಯಿಯನ್ನು ಮತ್ತೊಮ್ಮೆ ಕಚ್ಚಿದೆ. ಉಳಿದ ಏಳು ವಾರ ನಾನು ಹಾಡುತ್ತ ಕಳೆದೆನೆಂದು ನಿರ್ಮಲ್ ದೂರುತ್ತಾನೆ. ಮರಳಿ ಹೊರಡಲು ಒಂದು ವಾರವಿರುವಾಗ ತಂತಿ ಬಂತು. ದಿನ ತುಂಬುವುದಕ್ಕೆ ಮೂರು ವಾರ ಮುಂಚೆಯೇ ಹೆರಿಗೆಯಾಗಿತ್ತು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಸುಖ. ರೋಸಾ ಅಡುಗೆಮನೆಯಲ್ಲಿ ತಟ್ಟೆ ಬಡಿದು ಕುಣಿದಳು, ನಾನೂ ಕುಣಿದೆ.

ಮತ್ತೆ ಮಸ್ಕಿ

ಮನೆ ಮುಟ್ಟಿದಾಗ ಮಧ್ಯಾಹ್ನ. ಅವ್ವ ನನ್ನನ್ನು ಹೊಸ್ತಿಲು ದಾಟಗೊಡಲಿಲ್ಲ. ಹಂಡೆಯಲ್ಲಿ ಬೇವಿನ ಎಲೆ ಹಾಕಿ ಕಾಸಿದ ನೀರನ್ನು ಹಿತ್ತಲಿನಲ್ಲಿ ತಾನೇ ನನ್ನ ತಲೆಗೆ ಹೊಯ್ದಳು. ದೂರದಿಂದ ಬಂದ ದಣಿವಿಗೆಂದು ತಿಳಿದು ನಾನು ನಗುತ್ತಿದ್ದೆ. ನೀರು ಹೊಯ್ಯುವ ಕೈ ನೋಡಿದೆ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಇಷ್ಟು ತೆಳ್ಳಗಾಗಿದ್ದಾಳಲ್ಲ, ಬಾಣಂತನದ ದುಡಿತ ಇರಬೇಕು ಎಂದುಕೊಂಡೆ.

ಒಳಗೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಮೊಣಕಾಲು ಮಡಚಿ ಮಲಗಿತ್ತು. ಶಾಂತಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

“ನೀವು ಫೋನ್ ಮಾಡಿದ ದಿನದಿಂದ ಅತ್ತಿ ಒಪ್ಪತ್ತು ಹಿಡಿದಾರ. ಹಗಲು ಒಂದ ಊಟ, ರಾತ್ರಿ ನೀರು. ಸೋಮಾರಕ್ಕೊಮ್ಮೆ ಬರಿಗಾಲಲೇ ಮಲ್ಲಯ್ಯನ ಗುಡ್ಡ ಹತ್ತಿ ಬರ್ತಿದ್ರು. ಯಾಕಂತ ನನಗೂ ಹೇಳಿದ್ದಿಲ್ಲ, ಖಾಜಾಸಾಬ್ರು ಬೂತಿನ್ಯಾಗ ಕೇಳಿದ್ದನ್ನ ಅವ್ರ ಹೆಂಡ್ತಿ ಬಂದು ಹೇಳಿದ್ಲು.”

“ಮತ್ತ ಅವ್ವ ಫೋನಿನ್ಯಾಗ, ಬಾಳಿದವ್ರ ಮಣ್ಣು ಛಲೋ ಅಂದ್ಲಲ್ಲ?”

“ಕೂಸು ಹುಟ್ಟಿದ ಮ್ಯಾಲೆ ಛಲೋ. ಬಸುರಿ ಗಂಡಗ ಯಾರ ಮಣ್ಣಾದ್ರೂ ಆಗಿಬರಂಗಿಲ್ರೀ.”

“ಕೂಸು ಹುಟ್ಟಿ ಹತ್ತು ದಿನಾತಲ್ಲ, ಇನ್ನೂ ಯಾಕ ಒಪ್ಪತ್ತು?”

“ನೀವು ಬಂದು ತಲಿಗೆ ನೀರು ಹಾಕ್ಕೊಳ್ಳೋತನ ಅಂತ.”

ನಾನು ಕೂಸನ್ನು ಶಾಂತಾಳ ಕೈಗೆ ಕೊಟ್ಟು ಅಡುಗೆಮನೆಗೆ ಹೋದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ. ಅವಳು ಹಿಟ್ಟಿನಿಂದ ಕೈ ತೆಗೆಯಲಿಲ್ಲ.

“ನಾ ಇಲ್ಲಿ ಹೆದರಿದ್ರ ಶಾಂತಾ ಅದಾಳ, ಮಲ್ಲಯ್ಯ ಅದಾನ. ನೀ ಅಲ್ಲಿ ಹೆದರಿದ್ರ ನಿನಗ ಯಾರದಾರ?”

ಕೊಳವೆ ಹಾಕಿಸಿಕೊಂಡು ಮಲಗಿದ ಆ ಅರಸನ ನೆನಪು ಬಂತು. ಮೇಲಿನವರ ಮಾತು ತನಗೆ ಕೇಳಲಿ ಎಂದು ಅಷ್ಟು ಎತ್ತರ ಕಟ್ಟಿಸಿದ. ನಮ್ಮವ್ವ ತನ್ನ ಭಯ ನನಗೆ ಕೇಳಬಾರದೆಂದು ಏಳು ವಾರ ಉಪವಾಸ ಬಿದ್ದಿದ್ದಳು. ನನಗೆ ಅಳು ಬಂತು, ಅತ್ತುಬಿಟ್ಟೆ. ಅವಳು ಬೈದಳು.

ಆ ಸಂಜೆ ದೀಪ ಹಚ್ಚಿದ ಮೇಲೆ ನಾನು ಎರಡು ತಾಟು ಹಾಕಿದೆ. ಅವ್ವ ನನ್ನ ಎದುರಿಗೆ ಕೂತಳು. ಎರಡು ರೊಟ್ಟಿ ಉಂಡಳು. ಆಮೇಲೆ ಬುಟ್ಟಿಯ ಕಡೆ ನೋಡಿ, “ಇನ್ನೊಂದು ಹಾಕು” ಎಂದಳು.